ಅಚ್ಚುಮೊಳೆಗೊಂದು ಕೊಠಡಿ
ಕೊಡಗು ವಿಶ್ವವಿದ್ಯಾಲಯದ ಕುಲಪತಿಗಳಿಗೆ ಬಹಿರಂಗ ಪತ್ರ



ಚಿಕ್ಕ ಅಳುವಾರದಲ್ಲಿ ಈಚೆಗಷ್ಟೇ ನೆಲೆಗೊಂಡಿರುವ ವಿಶ್ವವಿದ್ಯಾಲಯಕ್ಕೆ ಕಟ್ಟಡ, ಅಧ್ಯಾಪಕರು, ಅನುದಾನ ಮೊದಲಾದ ಚಿಂತೆಗಳೇ ಸಾಲುಗಟ್ಟಿ ನಿಂತಿರುವ ಈ ಕಾಲದಲ್ಲಿ, ಹಳೆಯ ಮುದ್ರಣಯಂತ್ರವೊಂದನ್ನೂ ಕೆಲವು ಕೇಸು ಸೀಸದ ಮೊಳೆಗಳನ್ನೂ ಇರಿಸಲು ಒಂದು ಕೊಠಡಿಯನ್ನು ಬೇಡಿಕೊಂಡು ಬರುವ ನಿವೃತ್ತ ಉಪಾಧ್ಯಾಯನನ್ನು ತಾವು ಲೋಕಜ್ಞಾನವಿಲ್ಲದವನೆಂದು ಭಾವಿಸಿದರೆ ನಾನು ಆಕ್ಷೇಪಿಸಲಾರೆ. ಆದಾಗ್ಯೂ ಈ ವಿಜ್ಞಾಪನೆಗೆ ಕಾರಣವಾದ ಸಂಗತಿಯನ್ನು ತಾವು ಅವಧಾನವಿಟ್ಟು ಕೇಳಬೇಕೆಂದು ಪ್ರಾರ್ಥಿಸುತ್ತೇನೆ.

ಹಿಂದೆ ನನ್ನ ತರಗತಿಯಲ್ಲಿ ಕುಳಿತಿದ್ದ ಹುಡುಗಿಯೊಬ್ಬಳು ಈಗ ಮೈಸೂರಿನಲ್ಲಿ ಗ್ರಾಫಿಕ್ ಡಿಸೈನ್ ವ್ಯಾಸಂಗ ಮಾಡುತ್ತಿದ್ದಾಳೆ. ನಡಿಕೇರಿಯಂಡ ಚಿಣ್ಣಪ್ಪನವರು ಊರೂರಿನ ಹಾಡುಗಾರರಿಂದ ಸಂಗ್ರಹಿಸಿ 1924ರಲ್ಲಿ ‘ಪಟ್ಟೋಲೆ ಪಳಮೆ’ಯೆಂಬ ಹೆಸರಿನಿಂದ ಪ್ರಕಟಿಸಿದ, ದುಡಿ ಬಾರಿಸಿ ಹಾಡತಕ್ಕ ಹಾಡುಗಳಲ್ಲಿ ಒಂದನ್ನು ಆರಿಸಿ, ಅದಕ್ಕೊಪ್ಪುವ ಅಕ್ಷರವಿನ್ಯಾಸವನ್ನು ತಾನೇ ರಚಿಸಿ, ತನ್ನ ಕೈಯಿಂದಲೇ ಮುದ್ರಿಸಿ ಕಿರುಹೊತ್ತಗೆಯಾಗಿ ತರಬೇಕೆಂಬುದು ಅವಳ ಅಂತಿಮ ವರ್ಷದ ಪ್ರಾಜೆಕ್ಟು. ಕಂಪ್ಯೂಟರಿನ ತೆರೆಯ ಮೇಲೆ ಪುಟಗಳು ಅಂದವಾಗಿಯೇ ಸಿದ್ಧವಾಗಿದ್ದವು. ಆದರೆ ಹಾಡನ್ನು ಬಲ್ಲ ಹಿರಿಯರೊಬ್ಬರ ಮುಂದೆ ಅದನ್ನು ಓದಿದಾಗ, ಬರೆದದ್ದು ಒಂದು, ಹಾಡುವುದು ಇನ್ನೊಂದು ಎಂದು ಅವರು ನಕ್ಕರಂತೆ.

ಆ ನಗುವಿನ ಮೂಲ ತಮಗೆ ತಿಳಿಯದ್ದಲ್ಲ. ಕನ್ನಡದ ಅ, ಇ, ಉ, ಎ, ಒಗಳಲ್ಲದೆ, ಆ ಹಾಡುಗಳ ಭಾಷೆಯಾದ ಕೊಡವ ತಕ್ಕಿನಲ್ಲಿ ನಾಲಗೆಯ ನಡುಭಾಗದಲ್ಲಿ, ತುಟಿಗಳನ್ನು ದುಂಡಾಗಿಸದೆ ನುಡಿಯುವ ಮತ್ತೆರಡು ಸ್ವರಗಳಿವೆ. ಅವಕ್ಕೂ ಹ್ರಸ್ವದೀರ್ಘಗಳ ಭೇದವಿದೆ. ಎಂ.ಬಿ. ಎಮೆನೊ ಎಂಬ ಭಾಷಾವಿಜ್ಞಾನಿ ಇವುಗಳನ್ನು ಕುರಿತು 1970ರಲ್ಲಿ ಪ್ರತ್ಯೇಕ ಪ್ರಬಂಧವನ್ನೇ ಪ್ರಕಟಿಸಿದರು. ಕನ್ನಡ ಲಿಪಿಯಲ್ಲಿ ಈ ಸ್ವರಗಳಿಗೆ ಸರ್ವಸಮ್ಮತವಾದ ಚಿಹ್ನೆಯಿಲ್ಲದಿರುವುದರಿಂದ ಒಬ್ಬೊಬ್ಬ ಲೇಖಕನೂ ತನಗೆ ತೋಚಿದಂತೆ ಬರೆಯುತ್ತಾನೆ, ಓದುವವನು ತನಗೆ ತಿಳಿದಂತೆ ಉಚ್ಚರಿಸುತ್ತಾನೆ. ಅದೇ 1970ರಲ್ಲಿ ಐ.ಮಾ. ಮುತ್ತಣ್ಣನವರು ಕೊಡವಕ್ಕೆ ಸ್ವತಂತ್ರ ಲಿಪಿಯನ್ನೇ ರಚಿಸಿದರು; ಅದು ಬೇಕೇ ಬೇಡವೇ ಎಂಬ ವಾಗ್ವಾದಕ್ಕೆ ನಾನು ಇಳಿಯುವುದಿಲ್ಲ, ಈ ವಯಸ್ಸಿನಲ್ಲಿ ಬಂಧುಗಳ ವಿರೋಧ ಕಟ್ಟಿಕೊಳ್ಳುವ ಆಸೆಯೂ ನನಗಿಲ್ಲ. ಯಾವ ಲಿಪಿಯಾದರೂ ಅದು ಕಾಗದದ ಮೇಲೆ ಹೇಗೆ ಕೂರುತ್ತದೆಯೆಂಬುದನ್ನು ಯಾರಾದರೂ ಕೈಯಿಟ್ಟು ಪರೀಕ್ಷಿಸಬೇಕಷ್ಟೆ.

ಹುಡುಗಿ ರಜೆಯಲ್ಲಿ ನಮ್ಮ ಜಿಲ್ಲೆಯ ಹಳೆಯ ಪ್ರೆಸ್ಸೊಂದಕ್ಕೆ ಹೋಗಿ, ಬಹುಕಾಲದಿಂದ ಮೊಳೆ ಜೋಡಿಸುತ್ತ ಬಂದ ಕಂಪೋಸಿಟರೊಬ್ಬರ ಪಕ್ಕದಲ್ಲಿ ನಿಂತಳು. ನಾನೂ ಒಂದು ಮಧ್ಯಾಹ್ನ ನೋಡಲು ಹೋಗಿದ್ದೆ. ಗುಣಿತಕ್ಕೂ ಒತ್ತಕ್ಷರಕ್ಕೂ ಬೇರೆಬೇರೆ ಮೊಳೆಗಳು ಬೇಕಾಗುವುದರಿಂದ ಕನ್ನಡದ ಕೇಸಿನ ಮನೆಗಳು ಇಂಗ್ಲಿಷಿನದಕ್ಕಿಂತ ಎಷ್ಟೋ ಪಾಲು ಹೆಚ್ಚು. ಅಷ್ಟು ಮನೆಗಳಲ್ಲಿ ಯಾವುದು ಎಲ್ಲಿದೆಯೆಂದು ಅವರ ಬೆರಳು ಕಣ್ಣಿನ ನೆರವಿಲ್ಲದೆ ಬಲ್ಲುದಾಗಿತ್ತು. ಎಡಗೈಯಲ್ಲಿ ಹಿಡಿದ, ಮೊಳೆ ಜೋಡಿಸುವ ಸ್ಟಿಕ್ಕಿನಲ್ಲಿ ಅಕ್ಷರಗಳು ತಲೆಕೆಳಗಾಗಿ ಸಾಲುಗೂಡುತ್ತ ಬಂದು, ಆ ಕೊಡವ ಸ್ವರಗಳಲ್ಲೊಂದರ ಬಳಿ ನಿಂತವು: ಅದಕ್ಕೆ ಮೊಳೆಯಿರಲಿಲ್ಲ. ಅವರು ಕ್ಷಣಕಾಲ ಯೋಚಿಸಿ, ಇಂಗ್ಲಿಷ್ ಕೇಸಿನಿಂದ ಸಣ್ಣ ಅಳತೆಯ ಕೋಲನ್ ಚಿಹ್ನೆಯೊಂದನ್ನು ತೆಗೆದು, ಅದನ್ನು ಅಡ್ಡ ಮಲಗಿಸಿ, ಅಕ್ಷರದ ಮೇಲಣ ಸಾಲಿನಲ್ಲಿ ಸೇರಿಸಿ, ಎರಡು ಕಡೆಗೂ ಸೀಸದ ತುಂಡುಗಳನ್ನು ಒತ್ತಿಟ್ಟು ಬಿಗಿದರು. ಕರಡು ತೆಗೆದು ನೋಡಿದರೆ ಅಕ್ಷರದ ನೆತ್ತಿಯ ಮೇಲೆ ಎರಡು ಚುಕ್ಕೆಗಳು ಮೂಡಿದ್ದವು. ಆದರೆ ತಲಕಟ್ಟಿಗೆ ಅಂಟದೆ ಬಹಳ ಮೇಲಕ್ಕೆ ಸರಿದು, ಮೇಲಿನ ಸಾಲಿನ ಒತ್ತಕ್ಷರಕ್ಕೆ ತಾಗುವಂತಿದ್ದವು. ಹುಡುಗಿ ಮರುದಿನ ಮರದ ತುಂಡಿನಲ್ಲಿ ಆ ಅಕ್ಷರವನ್ನು ಚುಕ್ಕೆಸಮೇತ ತಿರುಗುಮುರುಗಾಗಿ ಕೆತ್ತಲು ಕುಳಿತಳು. ಚುಕ್ಕೆಯ ಗಾತ್ರವೆಷ್ಟಿರಬೇಕು, ಮಸಿ ತುಂಬಿ ಎರಡೂ ಒಂದಾಗದಂತೆ ಅಂತರವೆಷ್ಟು ಬಿಡಬೇಕು, ಸಾಲುಗಳ ನಡುವೆ ಎಷ್ಟು ಅವಕಾಶ ಬೇಕು ಎಂಬುದೆಲ್ಲ ಅವಳಿಗೆ ಆಗ ಅರಿವಾಯಿತು. ಎಷ್ಟು ಬೇಕಾದರೂ ಹಿಗ್ಗಿಸಿ ಕುಗ್ಗಿಸಬಹುದಾದ ತೆರೆಯ ಮೇಲೆ ಆ ಪ್ರಶ್ನೆಗಳೇ ಹುಟ್ಟಿರಲಿಲ್ಲ.

ಈ ಕೊಡಗು ನಾಡಿಗೂ ಕನ್ನಡ ಮುದ್ರಣದ ಆದಿಕಾಲಕ್ಕೂ ಇರುವ ನಂಟನ್ನು ಇಲ್ಲಿ ನೆನೆಯುವುದು ಅಪ್ರಸ್ತುತವಾಗಲಾರದು. 1843ರ ಜುಲೈ 1ರಂದು ಮಂಗಳೂರಿನಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರತಂದ ಹೆರ್ಮನ್ ಮೋಗ್ಲಿಂಗ್ ಅದನ್ನು ಮುದ್ರಿಸಿದ್ದು ಕಲ್ಲಚ್ಚಿನಲ್ಲಿ. ಜಿಡ್ಡಿನ ಮಸಿಯಿಂದ ಬರೆದ ಬರಹವನ್ನು ಹಾಗೆಯೇ ಎತ್ತಿಕೊಳ್ಳುವ ಆ ಕಲ್ಲಿಗೆ ಒತ್ತಕ್ಷರವೆಂದರೂ ಒಂದೇ, ಇಲ್ಲದ ಚಿಹ್ನೆಯೆಂದರೂ ಒಂದೇ. ಆ ಮೋಗ್ಲಿಂಗನೇ ಅನಂತರ ಕೊಡಗಿಗೆ ಬಂದು, 1855ರಲ್ಲಿ ಈ ನಾಡನ್ನು ಕುರಿತು ಇಂಗ್ಲಿಷಿನಲ್ಲಿ ಗ್ರಂಥವನ್ನು ಬರೆದನು. ಕೊಡಗನ್ನಾಳಿದ ಹಾಲೇರಿ ಅರಸರ ಚರಿತ್ರೆಯಾದ ‘ರಾಜೇಂದ್ರನಾಮೆ’ಯನ್ನು 1857ರಲ್ಲಿ ಅಚ್ಚಿಗೆ ತಂದವನೂ ಅವನೇ. ಮಡಿಕೇರಿಯ ‘ಶಕ್ತಿ’ ದಿನಪತ್ರಿಕೆಗೆ 1957ರಿಂದ ಮೊದಲಾದ ಇತಿಹಾಸವಿದೆ. ಇಂತಹ ನಾಡಿನಲ್ಲಿ ಮುದ್ರಣದ ಕೈಕೆಲಸವನ್ನು ಕಲಿಯಲೆಳಸುವ ವಿದ್ಯಾರ್ಥಿಗೆ ಇಂದು ಒಂದು ಮೇಜೂ ಇಲ್ಲ.

ಹಳೆಯ ಯಂತ್ರಗಳೇನಾದುವೆಂದು ತಾವು ಕೇಳಬಹುದು. ಆಫ್‌ಸೆಟ್ಟು, ಅದರ ಹಿಂದೆಯೇ ಡಿಜಿಟಲ್ ಮುದ್ರಣ ಬಂದಮೇಲೆ ಟ್ರೆಡಲ್ ಯಂತ್ರಗಳು ಕಬ್ಬಿಣದ ಬೆಲೆಗೆ ಹೋದವು. ಸೀಸ, ತವರ, ಆಂಟಿಮನಿಗಳ ಮಿಶ್ರಣವಾದ ಮೊಳೆಗಳು ತೂಕಕ್ಕೆ ಮಾರಾಟವಾಗಿ ಕರಗಿಹೋದವು. ವ್ಯಾಪಾರಿ ಮಾಡಿದ್ದರಲ್ಲಿ ದೋಷವಿಲ್ಲ, ಜಾಗದ ಬಾಡಿಗೆಯನ್ನು ಅವನೇ ಕಟ್ಟಬೇಕಷ್ಟೆ.

ಕಂಪ್ಯೂಟರಿರುವಾಗ ಇದೆಲ್ಲ ಗತಕಾಲದ ವ್ಯಾಮೋಹವೆಂದು ಹೇಳುವವರಿಗೆ ನಮ್ಮ ಮಳೆಗಾಲವೇ ಉತ್ತರ ಕೊಡುತ್ತದೆ. ಕಕ್ಕಡ ತಿಂಗಳಿನಲ್ಲಿ ಕಾಗದವು ಗಾಳಿಯ ತೇವವನ್ನು ಹೀರಿ, ನಾರು ಹಾಯ್ದ ದಿಕ್ಕಿಗೆ ಅಡ್ಡವಾಗಿ ಹಿಗ್ಗುತ್ತದೆ. ಬೆಳಗ್ಗೆ ಒತ್ತಿದ ಕೆಂಪಿನ ಮೇಲೆ ಸಂಜೆ ಒತ್ತುವ ಕಪ್ಪು ಸರಿಯಾಗಿ ಕೂರುವುದಿಲ್ಲ. ಇದನ್ನರಿಯದ ವಿನ್ಯಾಸಕಾರ ಕೂದಲೆಳೆಯಂಥ ಗೆರೆಗಳಿಂದ ಚಿತ್ರ ಬರೆದು, ಅದು ಕೆಟ್ಟಾಗ ಪ್ರೆಸ್ಸಿನವನನ್ನು ದೂರುತ್ತಾನೆ. ವಿನ್ಯಾಸಕ್ಕೆ ನಮ್ಮಲ್ಲಿ ಅವಕಾಶವಿಲ್ಲವೆಂದೂ ಹೇಳಲಾಗದು: 1997ರಲ್ಲಿ ಪಾಂಡಂಡ ಕುಟ್ಟಪ್ಪನವರ ಪ್ರಯತ್ನದಿಂದ ಕರಡದಲ್ಲಿ ಆರಂಭವಾದ ಕೊಡವ ಕೌಟುಂಬಿಕ ಹಾಕಿ ಉತ್ಸವಕ್ಕೆ ಆತಿಥೇಯ ಕುಟುಂಬ ಹೊಸ ಲಾಂಛನವನ್ನು ಬಿಡುಗಡೆ ಮಾಡುತ್ತದೆ, 2019ರಲ್ಲಿ ಭೌಗೋಳಿಕ ಸೂಚಕವನ್ನು ಪಡೆದ ಕೊಡಗಿನ ಅರೇಬಿಕಾ ಕಾಫಿಗೆ ಪೊಟ್ಟಣ ಬೇಕು, ಚೀಟಿ ಬೇಕು, ಮದುವೆಯ ಕರೆಯೋಲೆಗಳಂತೂ ಸರಿಯೇ. ಇವುಗಳಲ್ಲಿ ಬಹುಪಾಲನ್ನು ಹೊರಗಿನವರಿಂದ ಮಾಡಿಸಿ, ಒಕ್ಕದ, ಎಂದರೆ ಮನೆತನದ, ಹೆಸರಿನ ಕಾಗುಣಿತ ತಪ್ಪಿದಾಗ ಗೊಣಗಿ ಸುಮ್ಮನಾಗುವುದು ನಮಗೆ ರೂಢಿಯಾಗಿಬಿಟ್ಟಿದೆ.

ಆದಕಾರಣ ನನ್ನ ಅರಿಕೆ ಇಷ್ಟು. ಸೋರದ, ಗಾಳಿಯಾಡುವ, ಕಾಗದವನ್ನು ನೆಲದಿಂದ ಮೇಲೆತ್ತಿ ಇಡಬಲ್ಲ ಒಂದು ಕೊಠಡಿಯನ್ನು ಗೊತ್ತುಮಾಡಿ, ಕೆಲಸ ಮಾಡುವ ಒಂದು ಟ್ರೆಡಲ್ ಯಂತ್ರವನ್ನೂ ಉಳಿದಿರುವ ಮೊಳೆಗಳನ್ನೂ ಗುಜರಿಯ ಬೆಲೆಗಾದರೂ ಕೊಂಡು, ಜೊತೆಗೆ ಒಂದು ಸ್ಕ್ರೀನ್ ಪ್ರಿಂಟಿಂಗ್ ಮೇಜನ್ನು ಹಾಕಿಸಬೇಕು. ಕಲಿಸಲು ಹಳೆಯ ಕಂಪೋಸಿಟರುಗಳನ್ನು ಕರೆಯಬೇಕು. ಅವರಿಗೆ ಪದವಿಯಿಲ್ಲವೆಂಬ ಕಾರಣದಿಂದ ಸಂಭಾವನೆಯ ಕಡತ ಹಿಂದಿರುಗದಂತೆ ತಾವೇ ಮುತುವರ್ಜಿ ವಹಿಸಬೇಕು. ಮಡಿಕೇರಿಯಲ್ಲಿರುವ ಕೊಡವ ಸಾಹಿತ್ಯ ಅಕಾಡೆಮಿಯನ್ನೂ ಅರೆಭಾಷೆ ಅಕಾಡೆಮಿಯನ್ನೂ ಜೊತೆಗೂಡಿಸಿಕೊಂಡರೆ, ವಿದ್ಯಾರ್ಥಿಗಳು ಕೆತ್ತಿದ ಚಿಹ್ನೆಗಳನ್ನು ಬಲ್ಲವರ ಮುಂದೆ ಓದಿಸಿ ತಿದ್ದಬಹುದು, ತಿದ್ದಿದ್ದನ್ನು ಆಮೇಲೆ ಕಂಪ್ಯೂಟರಿನ ಫಾಂಟಿಗೂ ಇಳಿಸಬಹುದು.

ನಾನು ಹೇಳಿದ ಪ್ರೆಸ್ಸಿನ ಮಾಲೀಕರು ತಮ್ಮ ಯಂತ್ರವನ್ನು ಮಳೆಗಾಲಕ್ಕೆ ಮುಂಚೆ ವಿಲೇವಾರಿ ಮಾಡುವುದಾಗಿ ಹೇಳಿದ್ದಾರೆ. ವಿಶ್ವವಿದ್ಯಾಲಯವು ಕೊಳ್ಳುವುದಾದರೆ ಅಲ್ಲಿಯವರೆಗೆ ಕಾಯಲು ಅವರು ಒಪ್ಪಿದ್ದಾರೆ. ದಯಮಾಡಿ ಅದರೊಳಗೆ ಒಮ್ಮೆ ಯಾರನ್ನಾದರೂ ನೋಡಲು ಕಳುಹಿಸಿಕೊಡಬೇಕಾಗಿ ಪ್ರಾರ್ಥನೆ.

ಇತಿ ತಮ್ಮ ವಿಧೇಯ,
ನಿವೃತ್ತ ಕನ್ನಡ ಉಪಾಧ್ಯಾಯ, ಮಡಿಕೇರಿ