ರಿಮೋಟಿಗೂ ಒಂದು ಪಾಳಿ ಬೇಕು

ಹತ್ತಿಮತ್ತೂರಿನ ಕಟ್ಟೆಯ ಮೇಲೆ ರವಿವಾರ ಮುಂಜಾನೆ ನಾಲ್ಕು ಮಂದಿ ಕೂತರೆ ಮೊದಲು ಮಳೆಯ ಮಾತು, ಆಮೇಲೆ ಗೋವಿನಜೋಳದ ಧಾರಣಿ. ಅವೆರಡೂ ಬೇಸರ ತರಿಸಿದ ಮೇಲೆ ಟಿವಿಯ ಸುದ್ದಿ. "ಆಗ ಒಂದ ಚಾನಲ್ ಇತ್ತರೀ, ಓಣಿ ಮಂದಿ ಎಲ್ಲಾ ಒಂದ ಮನ್ಯಾಗ ಕೂಡತಿದ್ರು. ಈಗ ನೂರು ಚಾನಲ್ ಅದಾವು, ಮನ್ಯಾಗಿನ ನಾಕು ಮಂದಿ ಒಂದ ಕಡೆ ಕೂಡೂದಿಲ್ಲ" ಎಂದು ಹಿರಿಯರು ನಿಟ್ಟುಸಿರು ಬಿಡುತ್ತಾರೆ. ಫೋನಿನಿಂದ ಕಣ್ಣೆತ್ತದೆಯೇ ಕಿರಿಯರು, "ಒಂದ ಚಾನಲ್ ಇದ್ರ ಆರಿಸೂದರ ಏನ?" ಎನ್ನುತ್ತಾರೆ. ಇಬ್ಬರ ಮೇಲೂ ನನಗೆ ಪ್ರೀತಿಯಿದೆ. ಆದರೂ ಇಬ್ಬರ ಮಾತನ್ನೂ ಪೂರ್ತಿ ಒಪ್ಪಲು ನನ್ನಿಂದ ಆಗುತ್ತಿಲ್ಲ.

ಹಿರಿಯರ ಮಾತಿನಿಂದಲೇ ಶುರು ಮಾಡುತ್ತೇನೆ. ಅವರು ನೆನೆಯುವುದು 1987ರ ಜನವರಿಯಲ್ಲಿ ಶುರುವಾದ ರಾಮಾಯಣವನ್ನು, 1988ರ ಅಕ್ಟೋಬರ್ 2ರಿಂದ 1990ರ ಜೂನ್‌ವರೆಗೆ 94 ಕಂತು ನಡೆದ ಮಹಾಭಾರತವನ್ನು. ಊರು ಕೂಡುತ್ತಿತ್ತು, ಸುಳ್ಳಲ್ಲ. ಆದರೆ ಹೇಗೆ ಕೂಡುತ್ತಿತ್ತು ಎಂಬುದನ್ನೂ ನೆನಪು ಮಾಡಿಕೊಳ್ಳಬೇಕಲ್ಲ? ಟಿವಿ ಇದ್ದದ್ದು ಉಳ್ಳವರ ಪಡಸಾಲೆಯಲ್ಲಿ. ಕುರ್ಚಿ ಕೆಲವರಿಗೆ, ಜಮಖಾನೆ ಕೆಲವರಿಗೆ, ಬರಿನೆಲ ಕೆಲವರಿಗೆ. ಇನ್ನು ಕೆಲವರು ಹೊಸ್ತಿಲ ಹೊರಗೆ ನಿಂತು, ಕಿಡಕಿಯ ಸರಳು ಹಿಡಿದು ಕೃಷ್ಣನ ದರ್ಶನ ಪಡೆಯುತ್ತಿದ್ದರು. ಯಾರು ಎಲ್ಲಿ ಎಂದು ಯಾರೂ ಹೇಳಬೇಕಾಗಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಅದು ರವಿವಾರ ಮುಂಜಾನೆ, ರೊಟ್ಟಿ ಬಡಿಯುವ ಹೊತ್ತು ಬೇರೆ. ಹೆಣ್ಣುಮಕ್ಕಳು ಒಲೆಯಿಂದ ಬಾಗಿಲಿಗೆ, ಬಾಗಿಲಿನಿಂದ ಒಲೆಗೆ ಓಡಾಡುತ್ತ ನೋಡಿದ್ದು ಅರ್ಧ ಮಹಾಭಾರತವನ್ನಷ್ಟೇ. ಮನೆಮನೆಗೆ ಟಿವಿ ಬಂದಾಗ ಆ ಕೂಟ ಮುರಿಯಿತು, ನಿಜ. ಆದರೆ ಅದರ ಜೊತೆ ಆ ಕಿಡಕಿಯ ಹೊರಗಿನ ನಿಲುವೂ ಮುಗಿಯಿತು. ಹೊರಗೆ ನಿಂತಿದ್ದವರನ್ನು ಕೇಳಿದರೆ ಅವರು ಆ ಕಾಲವನ್ನು ಸುವರ್ಣಯುಗ ಎನ್ನುವರೋ ಇಲ್ಲವೋ, ನನಗೆ ಸಂಶಯ.

ಎರಡನೆಯದು ಭಾಷೆ. 1980ರ ದಶಕದ ಮಧ್ಯದಲ್ಲಿ ದೂರದರ್ಶನದ ಸಣ್ಣ ಶಕ್ತಿಯ ಮರುಪ್ರಸಾರ ಕೇಂದ್ರಗಳು ದೇಶದ ತುಂಬ ಎದ್ದವು. ಶುರುವಿನ ವರ್ಷಗಳಲ್ಲಿ ಅವುಗಳಲ್ಲಿ ಬಹಳಷ್ಟು ಕೇಂದ್ರಗಳು ಉಪಗ್ರಹದಿಂದ ಇಳಿಸಿ ಹಂಚಿದ್ದು ದೆಹಲಿಯ ಪ್ರಸಾರವನ್ನೇ. ಎತ್ತರದ ಕಂಬಕ್ಕೆ ಆಂಟೆನಾ ಕಟ್ಟಿ, ಗಾಳಿ ಬೀಸಿದಾಗೊಮ್ಮೆ ಮಾಳಿಗೆ ಹತ್ತಿ ತಿರುವಿ ನಾವು ಮನೆಯೊಳಗೆ ಕರೆದುಕೊಂಡದ್ದು ಹಿಂದಿಯ ರವಿವಾರವನ್ನು. ಧಾರವಾಡ ಆಕಾಶವಾಣಿ 1950ರಿಂದ ನಮ್ಮ ಮಾತಿನಲ್ಲೇ ಮಾತಾಡುತ್ತಿತ್ತು, ಟಿವಿಗೆ ಆ ಬುದ್ಧಿ ಬರಲು ತಡವಾಯಿತು. ಮಹಾಭಾರತ ಹಿಂದಿಯಲ್ಲಿದ್ದರೂ ತಿಳಿದದ್ದಕ್ಕೆ ಕಾರಣ, ಅದು ಮೊದಲೇ ನಮ್ಮದಾಗಿತ್ತು. ಕುಮಾರವ್ಯಾಸನ ಕೋಳಿವಾಡ ಇಲ್ಲೇ ಹುಬ್ಬಳ್ಳಿ ಸೀಮೆಯಲ್ಲಿದೆ. ದೊಡ್ಡಾಟದ ದುರ್ಯೋಧನನನ್ನು ಕಂಡವರಿಗೆ ಟಿವಿಯ ದುರ್ಯೋಧನನ ಪರಿಚಯ ಮಾಡಿಸಬೇಕಿರಲಿಲ್ಲ. ಮಾಲ್ಗುಡಿ ಡೇಸ್‌ನ ಕತೆ ಇನ್ನೂ ಸೋಜಿಗದ್ದು. ಬರೆದವರು ಮೈಸೂರಿನ ಆರ್. ಕೆ. ನಾರಾಯಣ್, ನಿರ್ದೇಶಕ ಶಂಕರನಾಗ್, ಚಿತ್ರೀಕರಣ ಆಗುಂಬೆಯಲ್ಲಿ. ಆದರೆ ನಮ್ಮ ಪಡಸಾಲೆಯಲ್ಲಿ ಆಗುಂಬೆಯ ಬೀದಿ ಹಿಂದಿ ಮಾತಾಡಿತು.

ಹಾಗಾದರೆ ಕಿರಿಯರೇ ಗೆದ್ದರೇ? ಅಲ್ಲಿಯೂ ನನ್ನದೊಂದು ತಕರಾರಿದೆ. ಅವರು ಎಣಿಸುವುದು ಚಾನೆಲ್ಲುಗಳನ್ನು. ನಾನು ಎಣಿಸಬೇಕೆನ್ನುವುದು ಒಬ್ಬ ಮನುಷ್ಯ ಒಂದು ದಿನದಲ್ಲಿ ನೋಡಿದ ಬಗೆಗಳನ್ನು. ಆ ಕಾಲದ ಒಂದು ರವಿವಾರವನ್ನೇ ತೆಗೆದುಕೊಳ್ಳಿ. ಮುಂಜಾನೆ ಹಾಡು, ಆಮೇಲೆ ಪುರಾಣ. 1988ರ ಕೊನೆಯಿಂದ ಶ್ಯಾಮ್ ಬೆನಗಲ್ ಅವರು ನೆಹರೂ ಪುಸ್ತಕವನ್ನು ಆಧರಿಸಿ ಮಾಡಿದ 53 ಕಂತಿನ ಇತಿಹಾಸ. ನಡುಹೊತ್ತಿಗೆ, 1987ರಲ್ಲಿ ಶುರುವಾದ, ಕಿವಿ ಕೇಳದವರಿಗಾಗಿ ಕೈಸನ್ನೆಯ ವಾರ್ತೆ. ಊಟದ ಮೇಲೆ ಯಾವುದೋ ಪ್ರಾದೇಶಿಕ ಭಾಷೆಯ ಸಿನೆಮಾ: ಒಂದು ವಾರ ಬಂಗಾಳಿ, ಒಂದು ವಾರ ಮಲಯಾಳಂ, ಪಾಳಿ ಬಂದಾಗ ಕನ್ನಡ. ಕೆಳಗೆ ಇಂಗ್ಲಿಷಿನ ಅಡಿಬರಹ. ಹೊಲಕ್ಕೆ ಹೋಗುವ ಮನುಷ್ಯನೊಬ್ಬ ಒಂದೇ ಗೋಡೆಗೆ ಆನಿಕೊಂಡು ಇಷ್ಟನ್ನೂ ದಾಟಿ ಬರುತ್ತಿದ್ದ.

"ದಾಟಿ ಬರತಿದ್ದನೋ, ನಿದ್ದಿ ಹೊಡೀತಿದ್ದನೋ?" ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಬಹಳ ಮಂದಿ ನಿದ್ದೆಯನ್ನೇ ಮಾಡಿದರು. ಬಂಗಾಳಿ ಸಿನೆಮಾ ಶುರುವಾದರೆ ಪಡಸಾಲೆ ಖಾಲಿಯಾಗುತ್ತಿತ್ತು. ಆದರೆ ಪೂರ್ತಿ ಖಾಲಿಯಾಗುತ್ತಿರಲಿಲ್ಲ, ನನ್ನ ವಾದವೆಲ್ಲ ಆ ಉಳಿದ ಒಬ್ಬಿಬ್ಬರ ಮೇಲೆ ನಿಂತಿದೆ. ನಮ್ಮ ಓಣಿಯಲ್ಲಿ ಕಿವಿ ಕೇಳದ, ಮಾತು ಬಾರದ ಒಬ್ಬರಿದ್ದರು. ಕೈಸನ್ನೆಯ ವಾರ್ತೆಗೆ ಯಾರೋ ಅವರನ್ನು ಕರೆತಂದು ಮುಂದೆ ಕೂರಿಸಿದರು. ಅವರಿಗೆ ಒಂದಕ್ಷರ ತಿಳಿಯಲಿಲ್ಲ. ಆ ಸನ್ನೆಗಳನ್ನು ಅವರಿಗೆ ಯಾರೂ ಕಲಿಸಿರಲಿಲ್ಲ, ಅವರವು ಓಣಿಯ ಸನ್ನೆಗಳು. ಸ್ವಲ್ಪ ಹೊತ್ತು ನೋಡಿ ನಕ್ಕು ಎದ್ದುಹೋದರು. ಆ ದಿನ ಆ ಕಾರ್ಯಕ್ರಮದಿಂದ ಕಲಿತವರು ನಾವು ಹುಡುಗರು. ಅವರ ಕೈಯಾಟವನ್ನು ಅಣಕಿಸುತ್ತಿದ್ದ ನಮಗೆ ಅದೂ ಒಂದು ಭಾಷೆ, ಅದರಲ್ಲೂ ದೇಶದ ವಾರ್ತೆ ಓದಬಹುದು ಎಂದು ತಿಳಿಯಿತು. ನೂರು ಚಾನೆಲ್ಲಿನ ಪಟ್ಟಿ ಕೈಗೆ ಕೊಟ್ಟಿದ್ದರೆ ನಾವಾಗಿ ಅದನ್ನು ಎಂದೂ ಆರಿಸುತ್ತಿರಲಿಲ್ಲ.

ಸಂತೆಯೂ ಹೀಗೆಯೇ ಇರುತ್ತದೆ. ಸವಣೂರಿಗೆ ಉಳ್ಳಾಗಡ್ಡಿ ತರಲು ಹೋದವನು ಎಲೆಪೇಟೆಯ ಮುಂದೆ, ಬಳೆಗಾರರ ಮುಂದೆ, ಹಗ್ಗ ಹೊಸೆಯುವವರ ಮುಂದೆ ಹಾಯ್ದೇ ಹೋಗಬೇಕು. ಕೊಳ್ಳುವುದು ಉಳ್ಳಾಗಡ್ಡಿಯನ್ನೇ, ಆದರೆ ಊರಿಗೆ ಮರಳುವಾಗ ಹತ್ತು ಕಸುಬುಗಳ ಮುಖ ನೋಡಿರುತ್ತಾನೆ. ಈಗಿನ ಟಿವಿಯಲ್ಲಿ ಉಳ್ಳಾಗಡ್ಡಿಯವರದೇ ಒಂದು ಸಂತೆ, ಬಳೆಯವರದೇ ಇನ್ನೊಂದು. ಸಿನೆಮಾದ ಚಾನೆಲ್‌ನಲ್ಲಿ ದಿನವಿಡೀ ಸಿನೆಮಾ, ಸುದ್ದಿಯದರಲ್ಲಿ ಒಂದೇ ಸುದ್ದಿ ಹತ್ತು ಸಲ, ಹಾಸ್ಯದ್ದರಲ್ಲಿ ಬರೀ ಹಾಸ್ಯ. ಫೋನು ಇನ್ನೊಂದು ಹೆಜ್ಜೆ ಮುಂದೆ: ನಿನ್ನೆ ನೋಡಿದ್ದರ ತಮ್ಮನನ್ನೇ ಇಂದು ತಂದು ಎದುರಿಗೆ ನಿಲ್ಲಿಸುತ್ತದೆ. ಆಯ್ಕೆ ನೂರಾದರೂ ನೋಡುವವನ ದಿನ ಒಂದೇ ಬಣ್ಣದ್ದಾಗುತ್ತದೆ.

ಒಂದೇ ಚಾನೆಲ್ಲಿನಲ್ಲಿ ಬಗೆಬಗೆಯದನ್ನು ಇಡುವುದು ಬಡತನದ ಉಪಾಯವಷ್ಟೇ ಎನ್ನುವವರು ಬ್ರಿಟನ್ನಿನ ಕಡೆ ಒಮ್ಮೆ ನೋಡಬಹುದು. ಮನೆಮನೆಯವರು ಕಟ್ಟುವ ಲೈಸೆನ್ಸ್ ಹಣದಿಂದ ನಡೆಯುವ ಬಿಬಿಸಿ 1964ರಲ್ಲಿ ಎರಡನೇ ಚಾನೆಲ್ ತೆರೆಯಿತು. ಮರುವರ್ಷ ಅದರ ಹೊಣೆ ಹೊತ್ತವರು, ಆಮೇಲೆ ಪ್ರಾಣಿಲೋಕದ ಚಿತ್ರಗಳಿಂದ ನಮಗೂ ಪರಿಚಿತರಾದ ಡೇವಿಡ್ ಅಟೆನ್‌ಬರೊ. ಅವರ ಕಾಲದಲ್ಲಿ ಯೋಜನೆಗೊಂಡ ಎರಡು ಕಾರ್ಯಕ್ರಮಗಳು 1969ರಲ್ಲಿ ತೆರೆಗೆ ಬಂದವು. ಒಂದು, ಕೆನೆತ್ ಕ್ಲಾರ್ಕ್ ನಡೆಸಿಕೊಟ್ಟ ಪಾಶ್ಚಾತ್ಯ ಕಲೆಯ ಇತಿಹಾಸ, 13 ಕಂತು. ಇನ್ನೊಂದು ಸ್ನೂಕರ್ ಪಂದ್ಯ. ಹೊಸದಾಗಿ ಬಂದ ಬಣ್ಣದ ಟಿವಿಯಲ್ಲಿ ಬಣ್ಣದ ಚೆಂಡು ಚೆಂದ ಕಂಡೀತು ಎಂಬ ಲೆಕ್ಕ. ಚರ್ಚಿನ ಚಾವಣಿಯ ಚಿತ್ರವೂ ಬಿಲಿಯರ್ಡ್ಸ್ ಕೋಣೆಯ ಚೆಂಡೂ ಒಂದೇ ಮನೆಯಲ್ಲಿ. 1990ರ ದಶಕದ ಆರಂಭದಲ್ಲಿ ಅದೇ ಚಾನೆಲ್ ನಮ್ಮ ಬಿ. ಆರ್. ಚೋಪ್ರಾ ಅವರ ಮಹಾಭಾರತವನ್ನು ಶನಿವಾರ ಮಧ್ಯಾಹ್ನ ಅಲ್ಲಿಯ ಮನೆಗಳಿಗೂ ಮುಟ್ಟಿಸಿತು. ಬೇಡವೆಂದವರು ಎದ್ದು ಹೋಗಿರಬಹುದು. ಯಾರೋ ಒಬ್ಬಿಬ್ಬರು ಅಲ್ಲಿಯೂ ಕೂತೇ ಇದ್ದಿರಬೇಕು.

ಕನ್ನಡದಲ್ಲಿ ಇಂಥದ್ದು ಇಲ್ಲವೇ? ಇದೆ, ನಾವು ರಿಮೋಟಿನಲ್ಲಿ ದಾಟಿಹೋಗುವ ನಂಬರಿನಲ್ಲಿದೆ. 1995ರ ಕೇಬಲ್ ಕಾಯ್ದೆ ಗೊತ್ತುಪಡಿಸಿದ ದೂರದರ್ಶನದ ಚಾನೆಲ್ಲುಗಳನ್ನು ಕೊಡಲೇಬೇಕೆಂದು ಕಟ್ಟುಮಾಡಿತು. ಆ ಸಾಲಿನ ಚಂದನ ವಾಹಿನಿಯಲ್ಲಿ ಕೃಷಿಯೂ ಇದೆ, ಶಾಸ್ತ್ರೀಯ ಸಂಗೀತವೂ ಇದೆ, ನಾಟಕವೂ ಇದೆ. ಡಾ. ನಾ. ಸೋಮೇಶ್ವರ ಅವರ 'ಥಟ್ ಅಂತ ಹೇಳಿ' 2002ರಿಂದ ಸರಿಯುತ್ತರಕ್ಕೆ ಕನ್ನಡ ಪುಸ್ತಕವನ್ನೇ ಬಹುಮಾನ ಕೊಡುತ್ತ ಬಂದಿದೆ. ಚಂದನದ ಮೇಲೂ ನನಗೆ ಸಿಟ್ಟಿದೆ. ಸೆಟ್ಟು ಮಾಸಲು, ಸರಕಾರಿ ಸಮಾರಂಭಗಳು ಹೆಚ್ಚು, ಹೊಸ ಹುಡುಗರನ್ನು ಕರೆಯುವ ಚುರುಕು ಕಡಿಮೆ. ಆದರೆ ಹತ್ತು ಅಂಗಡಿಗಳ ಸಂತೆ ಎಂಬ ಕಲ್ಪನೆಯನ್ನು ಅದು ಬಿಟ್ಟಿಲ್ಲ. ಅದಕ್ಕೆ ಹಣವನ್ನೂ ಒಳ್ಳೆಯ ಕೈಗಳನ್ನೂ ಕೊಡಿ ಎಂದು ಕೇಳುವುದು, ಹಳೆಯ ರವಿವಾರಕ್ಕಾಗಿ ನಿಟ್ಟುಸಿರು ಬಿಡುವುದಕ್ಕಿಂತ ಹೆಚ್ಚು ಉಪಯೋಗದ ಕೆಲಸ.

ಸರಕಾರ ಕೇಳಿಸಿಕೊಳ್ಳುವವರೆಗೆ ಮನೆಯಲ್ಲೇ ಮಾಡಬಹುದಾದದ್ದೂ ಒಂದಿದೆ. ನಮ್ಮ ಕಡೆ ಬೋರಿನ ನೀರಿಗೆ, ತ್ರೀಫೇಸ್ ಕರೆಂಟಿಗೆ ಪಾಳಿ ಇರುತ್ತದೆ. ಪಾಳಿ ತಪ್ಪಿಸಿ ನೀರು ಹಾಯಿಸಿಕೊಂಡವನನ್ನು ಅಣ್ಣತಮ್ಮಂದಿರೂ ಬಿಡುವುದಿಲ್ಲ. ರಿಮೋಟಿಗೆ ಮಾತ್ರ ಪಾಳಿಯಿಲ್ಲ, ಅದು ಗಟ್ಟಿ ಕೈಯಲ್ಲೇ ಉಳಿಯುತ್ತದೆ. ರವಿವಾರ ಅಜ್ಜಿಗೆ ಎರಡು ತಾಸು, ಶಾಲೆಯ ಹುಡುಗಿಗೆ ಎರಡು ತಾಸು, ರೊಟ್ಟಿ ಬಡಿಯುವವರಿಗೆ ರೊಟ್ಟಿ ಮುಗಿದ ಮೇಲೆ ಎರಡು ತಾಸು ಎಂದು ಹಂಚಿ. ಷರತ್ತು ಒಂದೇ: ಬೇರೆಯವರ ಪಾಳಿಯಲ್ಲಿ ಎದ್ದು ಹೋಗಬಾರದು. ಕಟ್ಟೆಯ ಮೇಲೆ ಇದನ್ನು ಹೇಳಿದಾಗ ಹಿರಿಯರೊಬ್ಬರು ತಲೆದೂಗಿ, "ಖರೇ ಮಾತು. ಆದ್ರ ಕ್ರಿಕೆಟ್ ಇದ್ದ ದಿನಾ ಬ್ಯಾಡ" ಅಂದರು. ಪಾಳಿಯ ಜಗಳ ಯಾವಾಗಲೂ ಹೀಗೆಯೇ ಶುರುವಾಗುತ್ತದೆ. ಶುರುವಾಯಿತಲ್ಲ, ಸದ್ಯಕ್ಕೆ ಅಷ್ಟು ಸಾಕು.