ಕಾಲುಚೀಲದ ಕೈಗವಸು

ಮೊನ್ನೆ ಬಸ್ ಸ್ಟ್ಯಾಂಡಿನ ಕ್ಯಾಂಟೀನಿನಲ್ಲಿ ಇಬ್ಬರು ಹುಡುಗರ ಜಗಳ. ಐಶ್ವರ್ಯ ರೈ ಮೇಲೋ, ಸುಷ್ಮಿತಾ ಸೇನ್ ಮೇಲೋ! ಐಶ್ವರ್ಯ ಹುಟ್ಟಿದ್ದು ನಮ್ಮ ಮಂಗಳೂರಲ್ಲಿ. ಆ ಅಭಿಮಾನ ನನಗೂ ಇದೆ, ಸುಳ್ಳೇಕೆ? ಆದರೆ 1994ರ ಮಿಸ್ ಇಂಡಿಯಾ ಎಂದೊಡನೆ ನನ್ನ ಕಣ್ಮುಂದೆ ಬರುವವನು ಒಬ್ಬ ದರ್ಜಿ.

ದಿಲ್ಲಿಯ ಸುಷ್ಮಿತಾಗೆ ಆಗ 18. ಜಾಹೀರಾತುಗಳಿಂದ ಹೆಸರಾಗಿದ್ದ ಐಶ್ವರ್ಯ ಕಣದಲ್ಲಿದ್ದಾಳೆಂದು ತಿಳಿದೊಡನೆ ಈಕೆ ಅರ್ಜಿ ವಾಪಸು ಪಡೆಯಲು ಹೊರಟಳಂತೆ. ಅಮ್ಮ ಚೆನ್ನಾಗಿ ಬೈದರಂತೆ! ಗೌನು ಕೊಳ್ಳೋಕೆ ದುಡ್ಡೆಲ್ಲಿ? ಸರೋಜಿನಿ ನಗರದ ಮಾರ್ಕೆಟ್ಟಿನಿಂದ ಬಟ್ಟೆ ಬಂತು. ಹೊಲಿದವನು ಪೆಟಿಕೋಟು ಹೊಲಿಯುವ ದರ್ಜಿ. ಮಿಕ್ಕ ಚೂರಿನಲ್ಲಿ ಅಮ್ಮ ಗುಲಾಬಿ ಮಾಡಿದರು. ಹೊಸ ಕರಿ ಕಾಲುಚೀಲ ಕತ್ತರಿಸಿದರೆ ಅದೇ ಕೈಗವಸು! ಇದನ್ನೆಲ್ಲ ಮುಂದೆ ಸುಷ್ಮಿತಾಳೇ ಟೀವಿಯಲ್ಲಿ ಹೇಳಿಕೊಂಡಳು.

ಫೈನಲ್ಲಿನಲ್ಲಿ ಇಬ್ಬರಿಗೂ ಸಮ ಅಂಕ. ಕೊನೆಯ ಪ್ರಶ್ನೆಗೆ ಸುಷ್ಮಿತಾ ಗೆದ್ದಳು. ಪ್ರಶ್ನೆ ಯಾವುದರ ಬಗ್ಗೆ ಗೊತ್ತೇ? ನಮ್ಮ ದೇಶದ ಬಟ್ಟೆ ಪರಂಪರೆ! ಗಾಂಧೀಜಿಯ ಖಾದಿಯನ್ನು ನೆನೆದಳು ಹುಡುಗಿ. ಮೇ ತಿಂಗಳಲ್ಲಿ ಮನಿಲಾದಲ್ಲಿ ಮಿಸ್ ಯೂನಿವರ್ಸ್ ಆದಳು. ನವೆಂಬರಿನಲ್ಲಿ ನಮ್ಮ ಐಶ್ವರ್ಯ ಮಿಸ್ ವರ್ಲ್ಡ್. ಸೋತವರಾರು ಹೇಳಿ?

ಸೋತವನು ನಾನು. ಪಿಯುಸಿ ಬಿಟ್ಟ ವರ್ಷ ಅಣ್ಣನ ಮದುವೆ ಪ್ಯಾಂಟು ಹಾಕಿಕೊಂಡು ಒಂದು ಇಂಟರ್‌ವ್ಯೂಗೆ ಹೋಗಿದ್ದೆ. ಸಾಲಿನಲ್ಲಿ ಟೈ ಕಟ್ಟಿದವರನ್ನು ಕಂಡು, ಹೆಸರು ಕೂಗುವ ಮುಂಚೆಯೇ ವಾಪಸು ಬಸ್ ಹತ್ತಿದೆ. ಬೈಯೋಕೆ ಅಮ್ಮ ಜತೆಗಿರಲಿಲ್ಲ.

ಇಷ್ಟು ಹೇಳುವಷ್ಟರಲ್ಲಿ ಹುಡುಗರ ಬಸ್ಸು ಬಂತು. ಕಾಫಿ ಬಿಲ್ಲು ನನ್ನ ತಲೆಗೇ!