ಪೆಟ್ಟಿಗೆ ಅಂದ್ರೆ ಬರೀ ಡಬ್ಬಿ ಅಲ್ಲ ಮಾರಾಯ್ರೇ!

ಇಲ್ಲಿ ಬರೆಯದೆ ತುಂಬಾ ದಿನ ಆಯ್ತು. ಅದಕ್ಕೆ ಕಾರಣ ಒಂದು ಪೆಟ್ಟಿಗೆ. ಅದರ ಕಥೆ ಹೇಳಿ, ನಿಮ್ಮ ಜೊತೆ ಸ್ವಲ್ಪ ಜಗಳವನ್ನೂ ಆಡಿ ಹೋಗೋಣ ಅಂತ ಬಂದಿದ್ದೇನೆ.

ಬೆಳ್ತಂಗಡಿಯಲ್ಲಿ ನನಗೊಬ್ಬ ಗೆಳೆಯ ಇದ್ದಾನೆ. ಅಮೆರಿಕದಲ್ಲಿದ್ದ ಅವನ ಮಾವ ಊರಿಗೆ ಬರುವಾಗ ತಮ್ಮ ಹಳೇ ಟರ್ನ್‌ಟೇಬಲನ್ನು ಹೊತ್ತು ತಂದುಕೊಟ್ಟರು. ಇವನ ಅಟ್ಟದಲ್ಲಿ ಅಜ್ಜನ ಕಾಲದ ಎಲ್.ಪಿ.ಗಳಿದ್ದವು, ಯಕ್ಷಗಾನದ ಪದಗಳ ಒಂದೆರಡು ರೆಕಾರ್ಡುಗಳೂ ಇದ್ದವು. ವೋಲ್ಟೇಜನ್ನು 110ಕ್ಕೆ ಇಳಿಸುವ ಟ್ರಾನ್ಸ್‌ಫಾರ್ಮರ್ ಹಾಕಿ ತಿರುಗಿಸಿದರೆ, ಭಾಗವತರು ಬೆಳಗಿನ ಜಾವ ತೂಕಡಿಸುತ್ತಾ ಹಾಡಿದ ಹಾಗೆ ಕೇಳಿತು!

ತಪ್ಪು ಭಾಗವತರದ್ದಲ್ಲ. ಆ ಟರ್ನ್‌ಟೇಬಲಿನಲ್ಲಿರುವುದು ಸಿಂಕ್ರೊನಸ್ ಮೋಟಾರು. ಅದರ ವೇಗ ಕರೆಂಟಿನ ಫ್ರೀಕ್ವೆನ್ಸಿಯನ್ನು ಹಿಡಿದುಕೊಂಡು ಹೋಗುತ್ತದೆ, ವೋಲ್ಟೇಜನ್ನಲ್ಲ. ಅಮೆರಿಕದ ಕರೆಂಟು 60 ಹರ್ಟ್ಸ್, ನಮ್ಮದು 50. ಹಾಗಾಗಿ ನಿಮಿಷಕ್ಕೆ 33⅓ ಸುತ್ತು ತಿರುಗಬೇಕಾದ ತಟ್ಟೆ ಇಲ್ಲಿ ಸುಮಾರು 27.8 ಸುತ್ತು ಮಾತ್ರ ತಿರುಗುತ್ತದೆ. ಶ್ರುತಿ ಮೂರು ಮನೆ ಕೆಳಗಿಳಿಯುತ್ತದೆ. ಕಪ್ಪು ಮೂರರಲ್ಲಿ ಹಾಡಿದ್ದು ಕಪ್ಪು ಎರಡರಲ್ಲಿ ಕೇಳುತ್ತದೆ. ಯಕ್ಷಗಾನ ಕೇಳಿ ಬೆಳೆದ ಕಿವಿಗೆ ಇದು ಸಹಿಸುವ ವಿಷಯವೇ?

ಇದಕ್ಕೆ ಮದ್ದು ಸ್ಪೀಡ್ ಕಂಟ್ರೋಲರ್. ಮನೆಯಲ್ಲೇ ಮಾಡಬಹುದು. ಒಂದು ಚಿಕ್ಕ ಸರ್ಕ್ಯೂಟು 60 ಹರ್ಟ್ಸಿನ ಸೈನ್ ವೇವ್ ಹುಟ್ಟಿಸುತ್ತದೆ, ಆಡಿಯೋ ಆಂಪ್ಲಿಫಯರ್ ಅದಕ್ಕೆ ಬಲ ಕೊಡುತ್ತದೆ, ಕೊನೆಗೊಂದು ಟ್ರಾನ್ಸ್‌ಫಾರ್ಮರ್ ಅದನ್ನು 110 ವೋಲ್ಟಿಗೆ ಏರಿಸಿ ಮೋಟಾರಿಗೆ ಕೊಡುತ್ತದೆ. 45ರ ರೆಕಾರ್ಡಿಗೆ ಬೆಲ್ಟ್ ಬದಲಿಸಬೇಕಾಗಿಲ್ಲ, 81 ಹರ್ಟ್ಸ್ ಮಾಡಿದರಾಯಿತು. ಬಂಟ್ವಾಳದ ನನ್ನ ಮನೆಯಲ್ಲಿ ಮೂರು ತಿಂಗಳು ಕೂತು ಸರ್ಕ್ಯೂಟು ಮಾಡಿದೆ. ಟ್ಯೂಬ್‌ಲೈಟಿನ ಕೆಳಗೆ 180 ಗೆರೆಯ ಸ್ಟ್ರೋಬ್ ಡಿಸ್ಕ್ ಇಟ್ಟು ನೋಡಿದರೆ ಗೆರೆಗಳು ನಿಂತಲ್ಲೇ ನಿಂತವು. ಆ ದಿನದ ಖುಷಿ ಹೇಳತೀರದು.

ಇನ್ನು ಪೆಟ್ಟಿಗೆ. ಅದಕ್ಕೆ ನಾನು ಕೊಟ್ಟ ಸಮಯ ಸರಿಯಾಗಿ ಒಂದು ಗಂಟೆ! ಅಡುಗೆಮನೆಯ ಪ್ಲಾಸ್ಟಿಕ್ ಡಬ್ಬಿ ಒಂದಕ್ಕೆ ಕಾದ ಕಬ್ಬಿಣದಿಂದ ತೂತು ಮಾಡಿ, ಎಲ್ಲವನ್ನೂ ಒಳಗೆ ತುರುಕಿ, ಮೋಟಾರಿಗೆ ಹೋಗುವ ಎರಡು ಸ್ಕ್ರೂಗಳನ್ನು ಹೊರಗೇ ಬಿಟ್ಟೆ. "ಆಮೇಲೆ ಮುಚ್ಚಿದರಾಯಿತು" ಅಂತ.

ಆಟಿಯ ಒಂದು ಬೆಳಿಗ್ಗೆ ಅಮ್ಮ ಒದ್ದೆ ಬಟ್ಟೆಯಲ್ಲಿ ಮೇಜು ಒರೆಸಲು ಹೋದರು. ಸ್ವಿಚ್ಚು ಆನ್ ಇತ್ತು. ಎರಡೂ ಸ್ಕ್ರೂಗಳಿಗೆ ಬಟ್ಟೆ ತಾಗಿತು. ಅಮ್ಮನ ಕೂಗು ಕೇಳಿ ನಾನು ಓಡಿ ಬಂದೆ. ದೇವರ ದಯೆ, ಕೈ ಜುಮ್ಮೆಂದದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. "ಎಂಥದ್ದು ಮಾರಾಯ ಇದು, ಮನೆಯಲ್ಲಿ ಇಡುವಂಥದ್ದಾ?" ಅಂತ ಅಮ್ಮ ಕೇಳಿದ್ದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ.

ಮನೆಗೆ ಈಎಲ್‌ಸಿಬಿ ಹಾಕಿಸಿದ್ದೇವೆ. ಅದು ಬೀಳಲಿಲ್ಲ. ಬೀಳುವುದೂ ಇಲ್ಲ! ಕೊನೆಯ ಟ್ರಾನ್ಸ್‌ಫಾರ್ಮರಿನ ಆಚೆ ಬದಿಗೂ ಮನೆಯ ವಯರಿಂಗಿಗೂ ತಂತಿಯ ಸಂಬಂಧ ಇಲ್ಲ. ಅಲ್ಲಿನ ಎರಡೂ ತುದಿಗಳನ್ನು ಒಬ್ಬರು ಒಟ್ಟಿಗೆ ಮುಟ್ಟಿದರೆ ಈಎಲ್‌ಸಿಬಿಗೆ ಅದು ಗೊತ್ತೇ ಆಗುವುದಿಲ್ಲ. ಅಂದರೆ ಅಲ್ಲಿ ನಮ್ಮನ್ನು ಕಾಯುವುದು ಪೆಟ್ಟಿಗೆ ಒಂದೇ. ಈ ಬರಹದಲ್ಲಿ ನೆನಪಿಡಬೇಕಾದ ಮಾತು ಒಂದೇ ಇದ್ದರೆ ಅದು ಇದು.

ಆದ್ದರಿಂದ ನನ್ನ ವಾದ: ಪೆಟ್ಟಿಗೆ ಕೊನೆಗೆ ಮಾಡುವ ಅಲಂಕಾರ ಅಲ್ಲ, ಮೊದಲು ಯೋಚಿಸಬೇಕಾದ ಭಾಗ. ಸರ್ಕ್ಯೂಟಿನ ಫೋಟೋ ಹಾಕಿ ಬೆನ್ನು ತಟ್ಟಿಸಿಕೊಳ್ಳುವ ನಾವು, ಅದನ್ನು ಯಾವುದರೊಳಗೆ ಇಟ್ಟೆವು ಅಂತ ಹೇಳುವುದೇ ಇಲ್ಲ.

ಎರಡನೇ ಸಲ ನಾನು ಮಾಡಿದ್ದು ಹೀಗೆ. ಬಿ.ಸಿ.ರೋಡಿನ ಒಂದು ಗುಜರಿ ಅಂಗಡಿಯಲ್ಲಿ ಹಾಳಾದ ಸ್ಟೆಬಿಲೈಸರ್ ಸಿಕ್ಕಿತು. ಕಬ್ಬಿಣದ ತಗಡಿನ ಪೆಟ್ಟಿಗೆ, ಟ್ರಾನ್ಸ್‌ಫಾರ್ಮರ್ ಕೂರಲು ಜಾಗ, ಫ್ಯೂಸಿನ ತೂತು, ಅರ್ತ್ ಸ್ಕ್ರೂ ಎಲ್ಲ ಅದರಲ್ಲೇ ಉಂಟು. ಅರ್ತ್ ಸ್ಕ್ರೂ ಹತ್ತಿರ ಬಣ್ಣ ಕೆರೆದು, ಮೂರು ಪಿನ್ನಿನ ಪ್ಲಗ್ಗಿನ ಅರ್ತ್ ತಂತಿಯನ್ನು ಅಲ್ಲಿಗೆ ಗಟ್ಟಿಯಾಗಿ ಬಿಗಿದೆ. ಮೋಟಾರಿಗೆ ಹೋಗುವ ಕಡೆ ಬೆರಳು ಹೋಗದ ಸಾಕೆಟ್ ಹಾಕಿದೆ. ಕರೆಂಟು ಬರುವ ಕಡೆ ಪಿನ್ನು ಹೊರಗೆ ಚಾಚಿಕೊಂಡಿರಬಾರದು, ಯಾವತ್ತೂ. ತಂತಿ ತಗಡನ್ನು ದಾಟುವಲ್ಲಿ ರಬ್ಬರ್ ಬುಷ್, ಒಳಗೆ ತಂತಿಗೊಂದು ಬಿಗಿ, ಯಾರಾದರೂ ಎಳೆದರೆ ಕಿತ್ತು ಬರಬಾರದು.

ನಮ್ಮ ಮಳೆಯ ಲೆಕ್ಕವೇ ಬೇರೆ. ವರ್ಷಕ್ಕೆ 3500 ಮಿಲಿಮೀಟರಿಗೂ ಹೆಚ್ಚು ಸುರಿಯುವ ಜಿಲ್ಲೆ ಇದು. ಪೆಟ್ಟಿಗೆಯ ಮೇಲೆ ತೂತು ಮಾಡಿದರೆ ಹೆಂಚಿನ ಸಂದಿಯ ನೀರು ನೇರ ಒಳಗೆ. ಮಾಡದಿದ್ದರೆ ಆಂಪ್ಲಿಫಯರ್ ಬೇಯುತ್ತದೆ. ಹಾಗಾಗಿ ತೂತುಗಳು ಪಕ್ಕದಲ್ಲಿರಲಿ, ಹೀಟ್ ಸಿಂಕ್ ಹೊರಗಿರಲಿ, ಅಡಿಗೆ ರಬ್ಬರ್ ಕಾಲು ಇರಲಿ. ತೂತುಗಳಿಗೆ ಒಳಗಿನಿಂದ ಸಣ್ಣ ಕಣ್ಣಿನ ಉಕ್ಕಿನ ಜಾಲರಿ ಅಂಟಿಸಿ. ಇಲ್ಲದಿದ್ದರೆ ಇರುವೆ, ಹಲ್ಲಿ ಎಲ್ಲ ಬಾಡಿಗೆ ಕೊಡದೆ ವಾಸ ಶುರು ಮಾಡುತ್ತವೆ (ನಗಬೇಡಿ, ನನ್ನ ಹಳೇ ಡಬ್ಬಿಯಲ್ಲಿ ಹಲ್ಲಿ ಮೊಟ್ಟೆ ಸಿಕ್ಕಿದೆ).

ಚಂದ ಬೇಡವೇ? ಬೇಕು. ಮೂಡಬಿದಿರೆಯಲ್ಲಿ ಪರಿಚಯದ ಆಚಾರ್ರು ಒಬ್ಬರಿದ್ದಾರೆ. ಪೂರ್ತಿ ಹಲಸಿನ ಮರದಲ್ಲೇ ಮಾಡಿಕೊಡಿ ಅಂದೆ. ಬಿಸಿಯಾಗುವ ವಸ್ತು ಅಂತ ಕೇಳಿದ್ದೇ ತಲೆ ಅಲ್ಲಾಡಿಸಿದರು. ತುಳುವಿನಲ್ಲಿ ಅವರು ಹೇಳಿದ್ದರ ಸಾರ: ಮಳೆಗಾಲದಲ್ಲಿ ಮರ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ, ನಿಮ್ಮ ಗುಂಡಿಗಳು ಸಿಕ್ಕಿಕೊಳ್ಳುತ್ತವೆ, ಕಬ್ಬಿಣದ ಪೆಟ್ಟಿಗೆ ಹಾಗೇ ಇರಲಿ, ನಾನು ಎರಡು ಬದಿಗೆ ಹಲಗೆ ಕೊಡುತ್ತೇನೆ. ಹಾಗೇ ಆಯಿತು. ಹಲಸಿನ ಹಳದಿ ಬಣ್ಣ ಈಗ ನಿಧಾನಕ್ಕೆ ಕೆಂಪಾಗುತ್ತಿದೆ.

ಇನ್ನೊಂದು ಮಾತು. ಪೆಟ್ಟಿಗೆಯನ್ನು ಟರ್ನ್‌ಟೇಬಲಿಗೆ ಅಂಟಿಸಿ ಇಡಬೇಡಿ. ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರ ಕಾರ್ಟ್ರಿಜ್ಜಿಗೆ ತಾಗಿ ಗುಂಯ್‌ಗುಡುತ್ತದೆ. ಈ ಫ್ರೀಕ್ವೆನ್ಸಿಯಲ್ಲಿ ಅಲ್ಯೂಮಿನಿಯಂ ಅದನ್ನು ತಡೆಯುವುದಿಲ್ಲ, ಕಬ್ಬಿಣ ಸ್ವಲ್ಪ ತಡೆಯುತ್ತದೆ, ದೂರ ಎಲ್ಲಕ್ಕಿಂತ ಚೆನ್ನಾಗಿ ತಡೆಯುತ್ತದೆ.

"ಇಷ್ಟೆಲ್ಲ ಯಾಕೆ, ರೆಡಿಮೇಡ್ ಡಬ್ಬಿ ಸಿಗುತ್ತದಲ್ಲ?" ಅಂತ ಗೆಳೆಯನ ಪ್ರಶ್ನೆ. ಸಿಗುತ್ತದೆ. ಆದರೆ ಅದರ ಅಳತೆಗೆ ಸರ್ಕ್ಯೂಟನ್ನು ಒತ್ತಿ ತುಂಬುವುದಕ್ಕಿಂತ ಸರ್ಕ್ಯೂಟಿನ ಅಳತೆಗೆ ಪೆಟ್ಟಿಗೆ ಮಾಡುವುದು ವಾಸಿ. ನಿಮ್ಮ ಟರ್ನ್‌ಟೇಬಲಿನದ್ದು 12 ವೋಲ್ಟಿನ ಡಿ.ಸಿ. ಮೋಟಾರಾಗಿದ್ದು, ಒಳ್ಳೆಯ ಅಡಾಪ್ಟರಿನಲ್ಲಿ ಓಡುವುದಾದರೆ ಈ ಭಯ ಯಾವುದೂ ಇಲ್ಲ. ಮರದ ಪೆಟ್ಟಿಗೆಯೂ ಆದೀತು, ಊಟದ ಡಬ್ಬಿಯೂ ಆದೀತು. ಅರ್ತಿಂಗ್, ಫ್ಯೂಸ್ ಅಂದರೆ ಧೈರ್ಯ ಸಾಲದವರು ಅಂಥದ್ದರಿಂದಲೇ ಶುರು ಮಾಡಲಿ. ಅದರಲ್ಲಿ ನಾಚಿಕೆ ಏನೂ ಇಲ್ಲ.

ಮೊನ್ನೆ ಬೆಳ್ತಂಗಡಿಗೆ ಪೆಟ್ಟಿಗೆ ತಲುಪಿಸಿ ಬಂದೆ. ಭಾಗವತರು ಕಪ್ಪು ಮೂರಕ್ಕೆ ಮರಳಿದ್ದಾರೆ. ಕೊಡುವ ಮೊದಲು ಅಮ್ಮ ಅದನ್ನು ಒಣ ಬಟ್ಟೆಯಲ್ಲಿ ಒರೆಸಿಕೊಟ್ಟರು, ಪ್ಲಗ್ ಕಿತ್ತಿದೆಯಾ ಅಂತ ಎರಡು ಸಲ ಕೇಳಿದ ಮೇಲೆ!

ನಿಮ್ಮಲ್ಲಿ ಹೀಗೆ ಏನಾದರೂ ಮನೆಯಲ್ಲೇ ಮಾಡಿ ಇಟ್ಟವರಿದ್ದರೆ ಇವತ್ತೇ ಒಮ್ಮೆ ಪ್ಲಗ್ ಕಿತ್ತು ಅದರ ಹಿಂಬದಿ ನೋಡಿ ಬನ್ನಿ. ಆಮೇಲೆ ಜಗಳ ಆಡೋಣ. ಏನಂತೀರಿ?